ಅಣಬೆಯ ಜಾಡಿನಲ್ಲಿ ಒಬ್ಬ ಸಂಗೀತಗಾರ

1959ರ ಆರಂಭದಲ್ಲಿ ಇಟಲಿಯ ಟೆಲಿವಿಷನ್ ವೀಕ್ಷಕರು ಕೆಲವು ವಾರಗಳ ಕಾಲ ಒಂದು ವಿಚಿತ್ರ ಪ್ರಸಂಗಕ್ಕೆ ಸಾಕ್ಷಿಯಾದರು. ಅಂದು ಆ ದೇಶದಲ್ಲಿ ಮನೆಮಾತಾಗಿದ್ದ ರಸಪ್ರಶ್ನೆ ಕಾರ್ಯಕ್ರಮದ ಹೆಸರು ‘ಲಾಶಾ ಓ ರದ್ದೊಪ್ಪಿಯಾ’. ‘ಬಿಟ್ಟು ಹೊರಡು, ಇಲ್ಲವೇ ಇಮ್ಮಡಿಯಾಗಿಸು’ ಎಂದು ಅದರ ಅರ್ಥ. ಸ್ಪರ್ಧಿಯು ತಾನೇ ಆರಿಸಿಕೊಂಡ ಒಂದು ವಿಷಯದ ಮೇಲೆ ಉತ್ತರಿಸುತ್ತ ಹೋಗಬೇಕು. ಗೆದ್ದ ಹಣದೊಂದಿಗೆ ತೃಪ್ತನಾಗಿ ಮನೆಗೆ ಹೋಗಬಹುದು, ಅಥವಾ ಅದನ್ನೇ ಪಣಕ್ಕಿಟ್ಟು ಮುಂದಿನ ಪ್ರಶ್ನೆಯನ್ನು ಎದುರಿಸಬಹುದು. ಆ ವಾರಗಳಲ್ಲಿ ಮಿಲಾನ್ ನಗರದ ಸ್ಟುಡಿಯೊದಲ್ಲಿ ಸ್ಪರ್ಧಿಯಾಗಿ ನಿಂತಿದ್ದವರು ಅಮೆರಿಕದಿಂದ ಬಂದಿದ್ದ, ನಲವತ್ತಾರು ವರ್ಷದ, ನೀಳಕಾಯದ ಒಬ್ಬ ಸಂಗೀತ ಸಂಯೋಜಕರು. ಅವರು ಆರಿಸಿಕೊಂಡ ವಿಷಯ ಮಾತ್ರ ಸಂಗೀತವಾಗಿರಲಿಲ್ಲ. ಅದು ಅಣಬೆ.

ಕೊನೆಯ ಸುತ್ತಿನ ಪ್ರಶ್ನೆ ಪಂಡಿತರನ್ನೂ ಬೆವರಿಳಿಸುವಂಥದ್ದು. ಅಟ್ಕಿನ್ಸನ್ ಎಂಬ ವಿಜ್ಞಾನಿಯ ಪ್ರಸಿದ್ಧ ಗ್ರಂಥದಲ್ಲಿ ಬಿಳಿ ಬೀಜಾಣುಗಳ ಅಣಬೆಗಳೆಂದು ವಿಂಗಡಿಸಿರುವ 24 ಬಗೆಗಳನ್ನೂ ಹೆಸರಿಸಬೇಕು. ಸ್ಪರ್ಧಿ ಅವಸರಪಡಲಿಲ್ಲ. ಇಪ್ಪತ್ತನಾಲ್ಕನ್ನೂ ಹೇಳಿದರು, ಅದೂ ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ. ಬಹುಮಾನ 50 ಲಕ್ಷ ಲಿರಾ. ಅಲ್ಲಿಯವರೆಗೆ ಸಂಗೀತದಿಂದ ಅಷ್ಟು ದೊಡ್ಡ ಮೊತ್ತವನ್ನು ಕಂಡರಿಯದಿದ್ದ ಆ ಮನುಷ್ಯ ಅದರಲ್ಲಿ ತಮಗಾಗಿ ಒಂದು ಸ್ಟೈನ್‌ವೇ ಪಿಯಾನೊ ಕೊಂಡರು. ಸಂಗಾತಿಯ ನೃತ್ಯ ತಂಡ ಊರೂರು ತಿರುಗಲೆಂದು ಒಂದು ವೋಕ್ಸ್‌ವ್ಯಾಗನ್ ವ್ಯಾನ್ ಕೊಡಿಸಿದರು. ಅವರ ಹೆಸರು ಜಾನ್ ಕೇಜ್.

ಕೇಜ್ ಎಂದೊಡನೆ ಜಗತ್ತಿಗೆ ನೆನಪಾಗುವುದು ಅಣಬೆಯಲ್ಲ, ಮೌನ. ಪಿಯಾನೊ ವಾದಕ ವೇದಿಕೆಗೆ ಬಂದು ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡುಗಳ ಕಾಲ ಒಂದು ಸ್ವರವನ್ನೂ ನುಡಿಸದೆ ಎದ್ದುಹೋಗುವ ಕೃತಿಯೊಂದನ್ನು ರಚಿಸಿದವರು ಅವರು. ಅದನ್ನು ಇಪ್ಪತ್ತನೆಯ ಶತಮಾನದ ಸಂಗೀತದ ತಿರುವೆಂದು ಕೊಂಡಾಡಿದವರಿದ್ದಾರೆ. ಶುದ್ಧ ಬೂಟಾಟಿಕೆ ಎಂದು ತಳ್ಳಿಹಾಕಿದವರೂ ಇದ್ದಾರೆ. ಈ ಜಗಳದ ನಡುವೆ ಅವರ ಅಣಬೆ ಸಂಗ್ರಹದ ಹವ್ಯಾಸ ಒಂದು ತಮಾಷೆಯ ಅಡಿಟಿಪ್ಪಣಿಯಾಗಿ ಉಳಿದುಬಿಟ್ಟಿದೆ. ಹಾಗೆ ನೋಡಿದರೆ ಆ ಬೂಟಾಟಿಕೆಯ ಆರೋಪಕ್ಕೆ ಉತ್ತರ ಅಡಗಿರುವುದು ಈ ಅಡಿಟಿಪ್ಪಣಿಯಲ್ಲೇ. ಏಕೆಂದರೆ ಅಣಬೆಯ ವ್ಯವಹಾರದಲ್ಲಿ ಬೂಟಾಟಿಕೆ ನಡೆಯುವುದಿಲ್ಲ. ಅಲ್ಲಿ ತಪ್ಪಿದವನಿಗೆ ವಿಮರ್ಶಕರ ಟೀಕೆಯಲ್ಲ, ಆಸ್ಪತ್ರೆಯ ಹಾಸಿಗೆ ಕಾದಿರುತ್ತದೆ.

ಗೋಡೆಗೆ ತಲೆ ಚಚ್ಚಿಕೊಂಡ ಶಿಷ್ಯ

ಕೇಜ್ ಹುಟ್ಟಿದ್ದು 1912ರ ಸೆಪ್ಟೆಂಬರ್ 5ರಂದು, ಲಾಸ್ ಏಂಜಲೀಸ್‌ನಲ್ಲಿ. ತಂದೆ ಸಂಶೋಧಕರು, ಜಲಾಂತರ್ಗಾಮಿ ನೌಕೆಯಿಂದ ಹಿಡಿದು ಹಲವು ಯಂತ್ರಗಳನ್ನು ಕಲ್ಪಿಸಿಕೊಂಡು, ಹಣ ಮಾತ್ರ ಮಾಡದೆ ಹೋದವರು. ಮಗ ಕಾಲೇಜನ್ನು ಅರ್ಧಕ್ಕೇ ಬಿಟ್ಟು ಯುರೋಪ್ ಸುತ್ತಿದ. ವಾಸ್ತುಶಿಲ್ಪ, ಚಿತ್ರಕಲೆ, ಕವಿತೆ ಎಲ್ಲದರಲ್ಲೂ ಕೈಯಾಡಿಸಿ ಕೊನೆಗೆ ಸಂಗೀತಕ್ಕೆ ಬಂದ. ಆಗ ನಾಜಿಗಳ ಜರ್ಮನಿಯಿಂದ ಹೊರಬಂದು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಮಹಾನ್ ಸಂಯೋಜಕ ಅರ್ನಾಲ್ಡ್ ಷೋನ್‌ಬರ್ಗ್ ಅವರ ಬಳಿ ಕಲಿಯುವ ಭಾಗ್ಯ ದೊರೆಯಿತು. ಶುಲ್ಕ ಕೊಡುವ ಶಕ್ತಿ ಶಿಷ್ಯನಿಗಿರಲಿಲ್ಲ. ಬದುಕನ್ನೇ ಸಂಗೀತಕ್ಕೆ ಕೊಡುವುದಾದರೆ ಪುಕ್ಕಟೆಯಾಗಿ ಕಲಿಸುತ್ತೇನೆ ಎಂದರಂತೆ ಗುರುಗಳು. ಶಿಷ್ಯ ಒಪ್ಪಿದ. ಆದರೆ ಕೇಜ್‌ಗೆ ಸ್ವರಮೇಳದ ಬಗ್ಗೆ, ಅಂದರೆ ಪಾಶ್ಚಾತ್ಯ ಸಂಗೀತದ ಬೆನ್ನೆಲುಬಾದ ಹಾರ್ಮನಿಯ ಬಗ್ಗೆ, ಸಂವೇದನೆಯೇ ಇಲ್ಲವೆಂಬುದು ಗುರುಗಳಿಗೆ ಬೇಗನೆ ತಿಳಿಯಿತು. ಮುಂದೆ ದಾಟಲಾಗದ ಗೋಡೆ ಎದುರಾಗುತ್ತದೆ ಎಂದು ಎಚ್ಚರಿಸಿದರು. ಹಾಗಾದರೆ ಆ ಗೋಡೆಗೇ ಜೀವನವಿಡೀ ತಲೆ ಚಚ್ಚಿಕೊಳ್ಳುತ್ತೇನೆ ಎಂಬುದು ಶಿಷ್ಯನ ಉತ್ತರವಾಗಿತ್ತು.

ಚಚ್ಚಿಕೊಂಡದ್ದೂ ಹೌದು. ಸ್ವರಮೇಳ ಬಾರದವನು ಲಯದ ಕಡೆಗೆ, ಸದ್ದಿನ ಕಡೆಗೆ ತಿರುಗಿದ. ಕಾರುಗಳ ಬ್ರೇಕ್ ಡ್ರಮ್ಮು, ತಗಡು, ಡಬ್ಬಿಗಳೆಲ್ಲ ವಾದ್ಯಗಳಾದವು. 1940ರಲ್ಲಿ ಸಿಯಾಟಲ್ ನಗರದಲ್ಲಿ ನರ್ತಕಿಯೊಬ್ಬಳ ಪ್ರಯೋಗಕ್ಕೆ ತಾಳವಾದ್ಯಗಳ ಸಂಗೀತ ಬೇಕಾಗಿತ್ತು. ವೇದಿಕೆಯ ಮೇಲೆ ಒಂದು ಪಿಯಾನೊಗೆ ಮಾತ್ರ ಜಾಗವಿತ್ತು. ಕೇಜ್ ಪಿಯಾನೊದ ತಂತಿಗಳ ನಡುವೆ ಬೋಲ್ಟು, ಸ್ಕ್ರೂ ಇತ್ಯಾದಿಗಳನ್ನು ಸಿಕ್ಕಿಸಿದರು. ಒಂದೇ ವಾದ್ಯದಿಂದ ಗಂಟೆ, ಮದ್ದಳೆ, ಮರದ ತುಂಡುಗಳ ಸದ್ದು ಹೊರಟವು. ‘ಸಜ್ಜುಗೊಳಿಸಿದ ಪಿಯಾನೊ’ ಎಂಬ ಹೊಸ ವಾದ್ಯ ಹುಟ್ಟಿದ್ದು ಹೀಗೆ, ಜಾಗದ ಅಭಾವದಿಂದ.

ಅಣಬೆಯ ಪರಿಚಯವಾದದ್ದೂ ಅಭಾವದಿಂದಲೇ. ಮೂವತ್ತರ ದಶಕದ ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, ಕ್ಯಾಲಿಫೋರ್ನಿಯಾದ ಕಾರ್ಮೆಲ್ ಎಂಬ ಊರಿನಲ್ಲಿ, ಕೈಯಲ್ಲಿ ಕಾಸಿಲ್ಲದ ಕೇಜ್ ತಮ್ಮ ಗುಡಿಸಲಿನ ಸುತ್ತ ಬೆಳೆದಿದ್ದ ಅಣಬೆಗಳನ್ನು ಕಂಡರು. ಊರಿನ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ನೋಡಿ, ತಿನ್ನಬಹುದೆಂದು ಖಚಿತಪಡಿಸಿಕೊಂಡು, ಒಂದು ವಾರ ಅದನ್ನು ಬಿಟ್ಟು ಬೇರೇನನ್ನೂ ತಿನ್ನದೆ ಕಳೆದರು. ಹೊಟ್ಟೆ ತುಂಬಿತು, ಮೈಯಲ್ಲಿ ತ್ರಾಣ ಮಾತ್ರ ಉಳಿಯಲಿಲ್ಲವೆಂದು ಮುಂದೆ ನಗುತ್ತ ಹೇಳಿಕೊಂಡಿದ್ದಾರೆ. ಹಸಿವಿನ ಈ ನಂಟು ಪ್ರೀತಿಯಾಗಿ ಬಲಿಯಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ನಡುವೆ ಬಂದದ್ದು ಭಾರತ.

ಅಹಮದಾಬಾದಿನಿಂದ ಬಂದ ಗುರು

1946ರಲ್ಲಿ ಅಹಮದಾಬಾದಿನ ಪ್ರಸಿದ್ಧ ಸಾರಾಭಾಯಿ ಮನೆತನದ ತರುಣಿ ಗೀತಾ ಸಾರಾಭಾಯಿ ನ್ಯೂಯಾರ್ಕಿಗೆ ಹೋದರು. ಪಾಶ್ಚಾತ್ಯ ಸಂಗೀತದ ಪ್ರಭಾವ ನಮ್ಮ ಸಂಗೀತದ ಮೇಲೆ ಏನು ಪರಿಣಾಮ ಬೀರೀತೆಂಬ ಆತಂಕ ಅವರದು. ಪರಿಹಾರವೆಂದರೆ ಆ ಸಂಗೀತವನ್ನು ಬಲ್ಲವರಿಂದಲೇ ಕಲಿಯುವುದು. ಕೇಜ್ ಅವರಿಗೆ ಪಾಶ್ಚಾತ್ಯ ಸಂಗೀತದ ಪಾಠ ಹೇಳಿದರು. ಪ್ರತಿಯಾಗಿ ಗೀತಾ ಅವರು ಭಾರತೀಯ ಸಂಗೀತದ ಪಾಠ ಹೇಳಿದರು. ಹಣದ ಮಾತಿರಲಿಲ್ಲ. ಆರು ತಿಂಗಳ ಕಾಲ ನಡೆದ ಈ ಕೊಡುಕೊಳ್ಳುವಿಕೆಯಲ್ಲಿ ಕೇಜ್ ಒಂದು ಪ್ರಶ್ನೆ ಕೇಳಿದರು: ನಿಮ್ಮ ಗುರುಗಳ ಪ್ರಕಾರ ಸಂಗೀತವಿರುವುದು ಯಾತಕ್ಕೆ? ಮನಸ್ಸನ್ನು ಶಾಂತಗೊಳಿಸಿ ಅದನ್ನು ದೈವೀ ಪ್ರಭಾವಕ್ಕೆ ತೆರೆದಿಡುವುದಕ್ಕೆ ಎಂಬುದು ಗೀತಾ ಅವರ ಗುರುಗಳು ಕಲಿಸಿದ್ದ ಉತ್ತರ.

ಅಂದು ಕೇಜ್ ಅವರ ಬದುಕು ಅಲ್ಲೋಲಕಲ್ಲೋಲವಾಗಿತ್ತು. ಹತ್ತು ವರ್ಷದ ದಾಂಪತ್ಯ ಮುರಿದಿತ್ತು. ನರ್ತಕ ಮರ್ಸ್ ಕನಿಂಗ್‌ಹ್ಯಾಮ್ ಅವರೊಡನೆ ಮುಂದೆ ಕೊನೆಯುಸಿರಿನವರೆಗೂ ಉಳಿದ ಬಾಳ್ವೆ ಆಗಷ್ಟೇ ರೂಪುಗೊಳ್ಳುತ್ತಿತ್ತು. ಅಂದಿನ ಅಮೆರಿಕದಲ್ಲಿ ಅದು ಬಾಯಿಬಿಟ್ಟು ಹೇಳುವ ಸಂಬಂಧವಾಗಿರಲಿಲ್ಲ. ಸಂಗೀತವೆಂದರೆ ಸಂಯೋಜಕ ತನ್ನ ಭಾವನೆಯನ್ನು ಕೇಳುಗನಿಗೆ ಮುಟ್ಟಿಸುವುದು ಎಂಬ ನಂಬಿಕೆಯೂ ಕುಸಿದಿತ್ತು. ತಾನು ದುಃಖದಿಂದ ಬರೆದುದನ್ನು ಕೇಳಿ ಜನ ನಗುತ್ತಾರೆ ಎಂದಾದರೆ ಏನನ್ನು ಮುಟ್ಟಿಸಿದಂತಾಯಿತು? ಇಂಥ ಹೊತ್ತಿನಲ್ಲಿ ಊರಿಗೆ ಮರಳುವ ಮುನ್ನ ಗೀತಾ ಅವರು ಒಂದು ಪುಸ್ತಕವನ್ನು ಕಾಣಿಕೆಯಾಗಿ ಕೊಟ್ಟರು. ಅದು ಕನ್ನಡಿಗರಿಗೆ ‘ಶ್ರೀರಾಮಕೃಷ್ಣ ವಚನವೇದ’ವಾಗಿ ಪರಿಚಿತವಾಗಿರುವ ಗ್ರಂಥದ ಇಂಗ್ಲಿಷ್ ರೂಪ. ಮನೋವೈದ್ಯರಿಂದ ಸಿಗದ ನೆಮ್ಮದಿ ಆ ಪುಸ್ತಕದಿಂದ ಸಿಕ್ಕಿತೆಂದು ಕೇಜ್ ಅನೇಕ ಸಲ ಹೇಳಿದ್ದಾರೆ.

ಅದೇ ಕಾಲದಲ್ಲಿ ಅವರು ಆನಂದ ಕುಮಾರಸ್ವಾಮಿಯವರನ್ನು ಓದಿದರು. 1946ರಿಂದ 1948ರವರೆಗೆ ಬರೆದ ‘ಸೊನಾಟಾಗಳು ಮತ್ತು ಇಂಟರ್‌ಲ್ಯೂಡ್‌ಗಳು’ ಎಂಬ ಪಿಯಾನೊ ಕೃತಿಯ ಹಿಂದಿರುವುದು ನಮ್ಮ ನವರಸ ಕಲ್ಪನೆ. ಎಲ್ಲ ರಸಗಳೂ ಕೊನೆಗೆ ಶಾಂತದತ್ತ ಸಾಗುತ್ತವೆ ಎಂಬ ವಿಚಾರ. ಕುಮಾರಸ್ವಾಮಿಯವರಿಂದ ಪಡೆದ ಇನ್ನೊಂದು ಮಾತಂತೂ ಕೇಜ್ ಬದುಕಿನ ಮಂತ್ರವಾಯಿತು. ಕಲೆ ನಿಸರ್ಗವನ್ನು ಅನುಕರಿಸಬೇಕಾದದ್ದು ಅದರ ಹೊರರೂಪದಲ್ಲಲ್ಲ, ಅದು ಕೆಲಸ ಮಾಡುವ ಬಗೆಯಲ್ಲಿ ಎಂಬುದೇ ಆ ಮಾತು. ಭಾರತದ ಚಿಂತನೆಯನ್ನು ಕೇಜ್ ಎರವಲು ಪಡೆದು ತಮಗೆ ಬೇಕಾದಂತೆ ಕತ್ತರಿಸಿಕೊಂಡರು, ರಾಗ-ತಾಳಗಳ ಶಿಸ್ತಿಗೆ ಇಳಿಯಲೇ ಇಲ್ಲ ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಪಡೆದುದನ್ನು ಅವರು ಬಚ್ಚಿಡಲಿಲ್ಲ. ಗೀತಾ ಅವರ ಹೆಸರನ್ನು ಕೊನೆಯವರೆಗೂ ಹೇಳುತ್ತಲೇ ಇದ್ದರು. 1964ರಲ್ಲಿ ಕನಿಂಗ್‌ಹ್ಯಾಮ್ ನೃತ್ಯ ತಂಡದೊಂದಿಗೆ ಭಾರತಕ್ಕೆ ಬಂದಾಗ ಅಹಮದಾಬಾದಿನಲ್ಲಿ ಸಾರಾಭಾಯಿ ಮನೆತನದ ಆತಿಥ್ಯವನ್ನೂ ಸವಿದರು.

ಸದ್ದಿಲ್ಲದ ಕೋಣೆ

ಐವತ್ತರ ದಶಕದ ಆರಂಭ ಕೇಜ್ ಅವರನ್ನು ಇನ್ನಷ್ಟು ದೂರ ಕೊಂಡೊಯ್ದಿತು. ಜಪಾನಿನ ಝೆನ್ ವಿದ್ವಾಂಸ ಡಿ.ಟಿ. ಸುಜುಕಿ ಅವರ ಉಪನ್ಯಾಸಗಳನ್ನು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೇಳಿದರು. ಚೀನಾದ ಪುರಾತನ ಶಕುನಗ್ರಂಥ ‘ಐ ಚಿಂಗ್’ ಕೈಗೆ ಬಂತು. ಯಾವ ಸ್ವರದ ನಂತರ ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಜೋರು ಎಂಬುದನ್ನೆಲ್ಲ ನಾಣ್ಯ ಚಿಮ್ಮಿ ತೀರ್ಮಾನಿಸುವ ವಿಧಾನವನ್ನು ಅವರು ರೂಪಿಸಿಕೊಂಡರು. 1951ರ ‘ಮ್ಯೂಸಿಕ್ ಆಫ್ ಚೇಂಜಸ್’ ಹೀಗೆ ತಿಂಗಳುಗಟ್ಟಲೆ ನಾಣ್ಯ ಚಿಮ್ಮಿ ಬರೆದ ಕೃತಿ. ಉದ್ದೇಶ ಸೋಮಾರಿತನವಲ್ಲ. ನನಗೆ ಇಷ್ಟವಾದದ್ದು, ಇಷ್ಟವಾಗದ್ದು ಎಂಬ ಎರಡು ಕಣ್ಣಕಟ್ಟುಗಳನ್ನು ಕಳಚಿ, ಸದ್ದು ತಾನಾಗಿಯೇ ಇರಲು ಬಿಡುವುದು.

ಅದೇ ವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊರಗಿನ ಸದ್ದೇ ನುಸುಳದ, ಒಳಗಿನ ಸದ್ದೂ ಪ್ರತಿಧ್ವನಿಸದ ವಿಶೇಷ ಕೋಣೆಯೊಂದನ್ನು ಹೊಕ್ಕರು. ಪರಿಪೂರ್ಣ ನಿಶ್ಶಬ್ದವನ್ನು ನಿರೀಕ್ಷಿಸಿದ್ದವರಿಗೆ ಎರಡು ಸದ್ದು ಕೇಳಿಸಿತು. ಒಂದು ತಾರ, ಇನ್ನೊಂದು ಮಂದ್ರ. ತಾರದ್ದು ನಿಮ್ಮ ನರಮಂಡಲದ್ದು, ಮಂದ್ರದ್ದು ನಿಮ್ಮ ರಕ್ತ ಸಂಚಾರದ್ದು ಎಂದರಂತೆ ಅಲ್ಲಿನ ಎಂಜಿನಿಯರ್. ನಮ್ಮ ಪರಂಪರೆಯವರು ಅನಾಹತ ನಾದದ ಬಗ್ಗೆ ಹೇಳುವಾಗ ಉದ್ದೇಶಿಸುವುದು ಬೇರೆಯದನ್ನು. ಆದರೂ ಕೇಜ್ ಆ ಕೋಣೆಯಿಂದ ಹೊತ್ತು ತಂದ ತಿಳಿವು ಸಣ್ಣದಲ್ಲ: ಜೀವವಿರುವತನಕ ನಿಶ್ಶಬ್ದವೆಂಬುದಿಲ್ಲ, ಇರುವುದು ನಾವು ಕಿವಿಗೊಡದ ಸದ್ದು ಮಾತ್ರ. 1952ರ ಆಗಸ್ಟ್ 29ರಂದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ, ಕಾಡಿನತ್ತ ತೆರೆದುಕೊಂಡಿದ್ದ ಮರದ ಸಭಾಂಗಣವೊಂದರಲ್ಲಿ, ಡೇವಿಡ್ ಟ್ಯೂಡರ್ ಪಿಯಾನೊದ ಮುಂದೆ ಸುಮ್ಮನೆ ಕುಳಿತರು. ಹೊರಗೆ ಗಾಳಿ ಬೀಸಿತು, ಚಾವಣಿಯ ಮೇಲೆ ಮಳೆಹನಿ ತಟಪಟ ಎಂದಿತು, ಸಹನೆ ಕೆಟ್ಟ ಶ್ರೋತೃಗಳು ಗೊಣಗುತ್ತ ಎದ್ದು ಹೋದರು. ಅವೆಲ್ಲವೂ ಕೃತಿಯೇ ಎಂಬುದು ಕೇಜ್ ನಿಲುವು.

ಕಾಡು ಕಲಿಸಿದ ಪಾಠ

1954ರಲ್ಲಿ ಕೇಜ್ ನ್ಯೂಯಾರ್ಕ್ ನಗರವನ್ನು ಬಿಟ್ಟು ಸ್ಟೋನಿ ಪಾಯಿಂಟ್ ಎಂಬ ಗುಡ್ಡಗಾಡಿಗೆ ಹೋದರು. ಕಲಾವಿದರು, ಕುಶಲಕರ್ಮಿಗಳು ಕೂಡಿ ಕಟ್ಟಿಕೊಂಡಿದ್ದ ಸಹಕಾರಿ ನೆಲೆ ಅದು. ನಗರದ ಏಕಾಂತಕ್ಕೆ ಒಗ್ಗಿದ್ದವರಿಗೆ ಒಂದೇ ಸೂರಿನಡಿ ಹಲವರೊಂದಿಗಿನ ಬದುಕು ಕಷ್ಟವಾಯಿತು. ತಪ್ಪಿಸಿಕೊಳ್ಳಲು ಕಾಡಿಗೆ ನಡೆದರು. ಅದು ಆಗಸ್ಟ್ ತಿಂಗಳು. ಮಳೆಯಲ್ಲಿ ನೆಂದ ನೆಲದ ತುಂಬ ಕೆಂಪು, ಹಳದಿ, ಕಂದು, ಬಿಳಿ ಅಣಬೆಗಳು. ಇವುಗಳ ಹೆಸರು ತಿಳಿಯಬೇಕೆಂಬ ಆಸೆ ಹುಟ್ಟಿತು.

ಆಸೆಗೆ ಪೆಟ್ಟೂ ಬೇಗನೆ ಬಿತ್ತು. ತಿನ್ನಲು ಯೋಗ್ಯವಾದ ಕಾಡುಸೊಪ್ಪೊಂದನ್ನು ಕಿತ್ತು ತಂದೆನೆಂದುಕೊಂಡು ಸ್ನೇಹಿತರಿಗೂ ಬಡಿಸಿ ತಾವೂ ತಿಂದರು. ಅದು ಹೋಲಿಕೆಯಲ್ಲಿ ಮೋಸಗೊಳಿಸುವ ವಿಷಸಸ್ಯ ಹೆಲಿಬೋರ್ ಆಗಿತ್ತು. ರಕ್ತದೊತ್ತಡ ಪಾತಾಳಕ್ಕಿಳಿದು ಆಸ್ಪತ್ರೆಯಲ್ಲಿ ಹೊಟ್ಟೆ ತೊಳೆಸಬೇಕಾಯಿತು. ಇನ್ನೊಬ್ಬರಾಗಿದ್ದರೆ ಕಾಡಿನ ಸಹವಾಸವನ್ನೇ ಬಿಡುತ್ತಿದ್ದರೇನೊ. ಕೇಜ್ ಗುರುವನ್ನು ಹುಡುಕಿಕೊಂಡರು. ಗೈ ನಿಯರಿಂಗ್ ಎಂಬ ಸಸ್ಯತಜ್ಞರು ಸಿಕ್ಕರು. ಅಂದು ಷೋನ್‌ಬರ್ಗ್ ಅವರ ಮುಂದೆ ಕುಳಿತಂತೆ ಈಗ ಇವರ ಹಿಂದೆ ನಡೆದರು. ವ್ಯತ್ಯಾಸವಿಷ್ಟೆ: ಈ ವಿದ್ಯೆಯಲ್ಲಿ ಗೋಡೆ ಅಡ್ಡ ಬರಲಿಲ್ಲ.

ಅಣಬೆಯನ್ನು ಗುರುತಿಸುವುದೆಂದರೆ ಏನೆಂಬುದನ್ನು ತುಸು ವಿವರಿಸಬೇಕು. ನಾವು ಅಣಬೆ, ನಾಯಿಕೊಡೆ ಎಂದು ಕರೆಯುವುದು ಒಂದು ಶಿಲೀಂಧ್ರದ ಫಲ ಮಾತ್ರ. ಅದರ ನಿಜವಾದ ಶರೀರ ಎಳೆಎಳೆಯಾಗಿ ಮಣ್ಣಿನೊಳಗೋ ಕೊಳೆತ ಮರದೊಳಗೋ ಹಬ್ಬಿರುತ್ತದೆ. ತೇವ, ತಾಪ ಹದವಾದಾಗ ಕೊಡೆ ಮೇಲೇಳುತ್ತದೆ, ಅಸಂಖ್ಯ ಬೀಜಾಣುಗಳನ್ನು ಉದುರಿಸುತ್ತದೆ, ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಬಣ್ಣ ನಂಬುವಂತಿಲ್ಲ, ಮಳೆಗೆ ತೊಳೆದುಹೋಗುತ್ತದೆ. ಗಾತ್ರ ನಂಬುವಂತಿಲ್ಲ, ಎಳೆಯದು ಬೇರೆ, ಬಲಿತದ್ದು ಬೇರೆ. ಕಾಂಡದ ಸುತ್ತ ಉಂಗುರವಿದೆಯೆ, ಬುಡದಲ್ಲಿ ಚೀಲದಂಥ ಪೊರೆಯಿದೆಯೆ, ಕೊಡೆಯ ಅಡಿಯ ಪದರಗಳು ಕಾಂಡವನ್ನು ಮುಟ್ಟುತ್ತವೆಯೆ, ಯಾವ ಮರದ ನೆರಳಲ್ಲಿ ಬೆಳೆದಿದೆ, ವಾಸನೆ ಏನು ಎಂದು ಒಂದೊಂದನ್ನೂ ನೋಡಬೇಕು. ಮನೆಗೆ ತಂದು ಕೊಡೆಯನ್ನು ಕಾಗದದ ಮೇಲೆ ಬೋರಲಾಗಿಟ್ಟು ರಾತ್ರಿಯಿಡೀ ಬಿಟ್ಟರೆ ಉದುರಿದ ಬೀಜಾಣುಗಳು ಬಣ್ಣದ ಚಿತ್ತಾರ ಮೂಡಿಸುತ್ತವೆ: ಬಿಳಿ, ಗುಲಾಬಿ, ಕಂದು, ಕಪ್ಪು. ಇಟಲಿಯ ರಸಪ್ರಶ್ನೆಯಲ್ಲಿ ಕೇಳಿದ ಬಿಳಿ ಬೀಜಾಣುಗಳ ಗುಂಪು ಸುಮ್ಮನೆ ಆರಿಸಿದ್ದಲ್ಲ. ಜಗತ್ತಿನ ಅತ್ಯಂತ ಮಾರಕ ಅಣಬೆಗಳಾದ ಅಮಾನಿಟಾಗಳು ಬರುವುದು ಈ ಗುಂಪಿನಲ್ಲೇ. ಅವುಗಳಲ್ಲಿ ಕೆಲವನ್ನು ತಿಂದವರಿಗೆ ಹಲವು ಗಂಟೆಗಳ ಕಾಲ ಏನೂ ಆಗುವುದಿಲ್ಲ. ಹೊಟ್ಟೆ ನೋವು ಶುರುವಾಗುವ ಹೊತ್ತಿಗೆ ಯಕೃತ್ತು ಹಾಳಾಗತೊಡಗಿರುತ್ತದೆ.

ಸಂಗೀತದ ಚರಿತ್ರೆಯಲ್ಲೇ ಇದಕ್ಕೊಂದು ದಾರುಣ ಉದಾಹರಣೆಯಿದೆ. ಬಾಲಕ ಮೊಜಾರ್ಟ್ ಯಾರ ಕೃತಿಗಳಿಂದ ಕಲಿತನೋ ಆ ಯೊಹಾನ್ ಷೋಬರ್ಟ್ ಹದಿನೆಂಟನೆಯ ಶತಮಾನದ ಪ್ಯಾರಿಸ್‌ನಲ್ಲಿ ಹೆಸರಾಂತ ಸಂಯೋಜಕ. 1767ರಲ್ಲಿ ಅವನು ಹೊರವಲಯದಲ್ಲಿ ಅಣಬೆ ಆರಿಸಿಕೊಂಡು ಬೇಯಿಸಿಕೊಡಿರೆಂದು ಹೋಟೆಲಿನವರನ್ನು ಕೇಳಿದ. ಇದು ವಿಷವೆಂದು ಅವರು ನಿರಾಕರಿಸಿದರು. ಅವನು ಕೇಳಲಿಲ್ಲ, ಮನೆಯಲ್ಲೇ ಬೇಯಿಸಿದ. ಅವನು, ಅವನ ಪತ್ನಿ, ಮಗು, ಮನೆಗೆಲಸದವಳು, ಊಟಕ್ಕೆ ಕೂತಿದ್ದ ಸ್ನೇಹಿತರು ಎಲ್ಲರೂ ಸತ್ತರು. ಷೋಬರ್ಟ್‌ನನ್ನು ಕೊಂದದ್ದು ಕೇವಲ ಅಜ್ಞಾನವಲ್ಲ. ತನ್ನ ಬುಟ್ಟಿಯಲ್ಲಿರುವುದು ತಿನ್ನುವ ಅಣಬೆಯೇ ಆಗಿರಲಿ ಎಂಬ ಬಯಕೆ. ಕಣ್ಣ ಮುಂದಿರುವುದನ್ನು ಬಿಟ್ಟು ತನಗೆ ಬೇಕಾದದ್ದನ್ನು ಅವನು ಕಂಡ.

ಆಕಸ್ಮಿಕಕ್ಕೆ ಎಡೆಯಿಲ್ಲದ ಜಾಗ

ಇಲ್ಲೇ ಕೇಜ್ ಅವರ ಬದುಕಿನ ಎರಡು ತುದಿಗಳು ಕೂಡುತ್ತವೆ. ಸಂಗೀತದಲ್ಲಿ ಎಲ್ಲವನ್ನೂ ಆಕಸ್ಮಿಕಕ್ಕೆ ಬಿಟ್ಟ ಮನುಷ್ಯ ಅಣಬೆಯ ವಿಷಯದಲ್ಲಿ ಒಂದಿನಿತೂ ಬಿಡಲಿಲ್ಲ. ನಾಣ್ಯ ಚಿಮ್ಮಿ ಅಣಬೆ ತಿಂದರೆ ಬಹುಕಾಲ ಬದುಕಿರಲಾರೆನೆಂಬುದನ್ನು ಅವರು ಚೆನ್ನಾಗಿಯೇ ಅರಿತಿದ್ದರು. ಮೇಲುನೋಟಕ್ಕೆ ಇದು ವಿರೋಧಾಭಾಸ. ಆದರೆ ಎರಡರ ಒಳಗಿರುವ ಶಿಸ್ತು ಒಂದೇ. ನಾಣ್ಯ ಚಿಮ್ಮುವವನು ತನ್ನ ಇಷ್ಟಾನಿಷ್ಟಗಳನ್ನು ಬದಿಗಿಟ್ಟು ಬಂದ ಸ್ವರವನ್ನು ಒಪ್ಪಬೇಕು. ಅಣಬೆ ಆರಿಸುವವನೂ ಆಸೆ, ಹಸಿವು, ಅವಸರಗಳನ್ನು ಬದಿಗಿಟ್ಟು ಇರುವುದನ್ನು ಇರುವ ಹಾಗೆ ನೋಡಬೇಕು. ಮೊದಲನೆಯದರಲ್ಲಿ ಸೋತರೆ ನೀರಸ ಸಂಗೀತ ಹುಟ್ಟುತ್ತದೆ. ಎರಡನೆಯದರಲ್ಲಿ ಸೋತರೆ ಷೋಬರ್ಟ್‌ನ ಗತಿ. ಮನಸ್ಸನ್ನು ಶಾಂತಗೊಳಿಸುವುದು ಎಂದು ಗೀತಾ ಸಾರಾಭಾಯಿ ಹೇಳಿದ್ದ ಮಾತು ಕೇಜ್ ಪಾಲಿಗೆ ಧ್ಯಾನದ ಕೋಣೆಯಲ್ಲಿ ನಿಜವಾಗಲಿಲ್ಲ. ಕಾಡಿನಲ್ಲಿ, ಮಂಡಿಯೂರಿ, ಎಲೆಯ ರಾಶಿಯನ್ನು ಸರಿಸುವಾಗ ನಿಜವಾಯಿತು.

ಇಂಗ್ಲಿಷ್ ನಿಘಂಟುಗಳಲ್ಲಿ ‘ಮಶ್ರೂಮ್’ ಮತ್ತು ‘ಮ್ಯೂಸಿಕ್’ ಶಬ್ದಗಳು ಹತ್ತಿರ ಹತ್ತಿರ ಬರುತ್ತವೆ. ತಮ್ಮ ಹುಚ್ಚಿಗೆ ಅದೇ ಕಾರಣ ಎಂದು ಕೇಜ್ ತಮಾಷೆ ಮಾಡುತ್ತಿದ್ದರು. ಅಣಬೆಯ ಬೀಜಾಣು ನೆಲಕ್ಕೆ ಬೀಳುವಾಗಲೂ ಸದ್ದಾಗುತ್ತಿರಬೇಕಲ್ಲವೆ, ಅದನ್ನು ಕೇಳುವ ಬಗೆ ಹೇಗೆ ಎಂದು ಗಂಭೀರವಾಗಿಯೂ ಯೋಚಿಸುತ್ತಿದ್ದರು. ತಮಾಷೆ ಎಲ್ಲಿ ಮುಗಿಯಿತು, ತಪಸ್ಸು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ನ್ಯೂಯಾರ್ಕಿನ ‘ನ್ಯೂ ಸ್ಕೂಲ್’ ಸಂಸ್ಥೆಯಲ್ಲಿ ಅವರು ಪ್ರಯೋಗಶೀಲ ಸಂಗೀತ ರಚನೆಯ ತರಗತಿ ನಡೆಸುತ್ತಿದ್ದರು. ಮುಂದೆ ಅಮೆರಿಕದ ಕಲಾಲೋಕವನ್ನೇ ಅಲುಗಿಸಿದ ಹಲವು ತರುಣರು ಅಲ್ಲಿ ಕುಳಿತಿದ್ದರು. ಅದೇ ಸಂಸ್ಥೆಯಲ್ಲಿ ನಿಯರಿಂಗ್ ಅವರೊಂದಿಗೆ ಅಣಬೆ ಗುರುತಿಸುವ ತರಗತಿಯನ್ನೂ ನಡೆಸಿದರು. ಪಾಠವೆಂದರೆ ಕಾಡಿನ ನಡಿಗೆ. ಆರಿಸಿದ ಅಣಬೆಗಳನ್ನು ನಗರದ ದುಬಾರಿ ಹೋಟೆಲಿಗೆ ಮಾರಿ ಒಂದಷ್ಟು ಕಾಸು ಸಂಪಾದಿಸಿದ್ದೂ ಉಂಟು. 1962ರಲ್ಲಿ ಗೆಳೆಯರೊಡಗೂಡಿ ‘ನ್ಯೂಯಾರ್ಕ್ ಮೈಕಾಲಜಿಕಲ್ ಸೊಸೈಟಿ’ ಎಂಬ ಅಣಬೆಪ್ರಿಯರ ಸಂಘ ಕಟ್ಟಿದರು. 1972ರಲ್ಲಿ ಚಿತ್ರಕಲಾವಿದೆ ಲೋಯಿಸ್ ಲಾಂಗ್ ಮತ್ತು ಶಿಲೀಂಧ್ರ ವಿಜ್ಞಾನಿ ಅಲೆಕ್ಸಾಂಡರ್ ಸ್ಮಿತ್ ಅವರೊಂದಿಗೆ ‘ಮಶ್ರೂಮ್ ಬುಕ್’ ಹೊರತಂದರು. ಅದರಲ್ಲಿ ಲಾಂಗ್ ಅವರ ಅಣಬೆ ಚಿತ್ರಗಳು, ಸ್ಮಿತ್ ಅವರ ಶಾಸ್ತ್ರೀಯ ವಿವರಣೆ, ಕೇಜ್ ಅವರ ಚದುರಿದ ಕೈಬರಹ ಒಟ್ಟಿಗಿವೆ.

ಕಲಿತಷ್ಟೂ ಅವರ ಖಚಿತತೆ ಹೆಚ್ಚಲಿಲ್ಲ, ಕುಗ್ಗಿತು. ಪರಿಚಯ ಬೆಳೆದಂತೆ ಪ್ರತಿಯೊಂದು ಅಣಬೆಯೂ ತಾನೇ ತಾನಾಗಿ ಕಾಣತೊಡಗುತ್ತದೆ, ಪುಸ್ತಕದ ಹೆಸರು ಸಡಿಲವಾಗುತ್ತದೆ ಎಂಬುದು ಅವರ ಅನುಭವ. ಸಂಗ್ರಹಕಾರರ ಲೋಕದಲ್ಲಿ ಇದು ಅಪರೂಪದ ಮಾತು. ಅಂಚೆಚೀಟಿ, ನಾಣ್ಯ, ಹಳೆಯ ಗ್ರಾಮಫೋನ್ ತಟ್ಟೆ ಸಂಗ್ರಹಿಸುವವರು ಕಪಾಟು ತುಂಬಿದಂತೆ ತಮ್ಮ ಒಡೆತನದ ಬಗ್ಗೆ ನಿಶ್ಚಿಂತರಾಗುತ್ತಾರೆ. ಅಣಬೆ ಸಂಗ್ರಹಕಾರನಿಗೆ ಕಪಾಟೇ ಇಲ್ಲ. ಆರಿಸಿದ್ದನ್ನು ತಿನ್ನಬೇಕು, ಇಲ್ಲವೇ ಅದು ಕೊಳೆಯುತ್ತದೆ. ನುಡಿಸಿದೊಡನೆ ಕರಗುವ ಸ್ವರಕ್ಕೂ ಅದಕ್ಕೂ ಇರುವ ಸಾಮ್ಯವನ್ನು ಸಂಗೀತಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಟ್ರಾಫಿಕ್ಕಿನ ಸದ್ದೂ ಸಂಗೀತವೆ?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅಣಬೆಯ ಬಗೆಗಿನ ಶ್ರದ್ಧೆ ಒಪ್ಪಬಹುದು. ಅದರಿಂದ ಸಂಗೀತದ ಹೆಸರಿನಲ್ಲಿ ಏನು ಮಾಡಿದರೂ ಸರಿಯಾಗುತ್ತದೆಯೆ? ಕೇಜ್ ಕಾಲದ ಸಂಗೀತಗಾರರೇ ಇದನ್ನು ಕೇಳಿದರು. 1964ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ಅವರ ಕೃತಿಯೊಂದನ್ನು ನುಡಿಸಿದಾಗ ಶ್ರೋತೃಗಳು ಎದ್ದು ಹೊರಟದ್ದಷ್ಟೇ ಅಲ್ಲ, ನುಡಿಸಬೇಕಾದ ಕಲಾವಿದರೇ ಅಪಹಾಸ್ಯ ಮಾಡಿ, ವಾದ್ಯಗಳಿಗೆ ಜೋಡಿಸಿದ್ದ ಮೈಕುಗಳನ್ನು ಹಾಳುಗೆಡವಿದರು. ವರ್ಷಗಟ್ಟಲೆ ಬೆರಳು ಸವೆಸಿ ಸ್ವರಶುದ್ಧಿ ಸಾಧಿಸಿದವರಿಗೆ, ಯಾವ ಸದ್ದಾದರೂ ಸರಿ ಎಂಬ ಮಾತು ಅವಮಾನವಾಗಿ ಕೇಳಿಸಿದ್ದರೆ ಅವರನ್ನು ದೂರುವಂತಿಲ್ಲ. ಗಂಟಲಿನ ಸಾಧನೆಯನ್ನೇ ಉಸಿರಾಗಿಸಿಕೊಂಡ ನಮ್ಮ ಪರಂಪರೆಯೂ ಹೀಗೆಯೇ ಕೇಳೀತು.

ನಗರವಾಸಿಯ ಪ್ರಶ್ನೆ ಇನ್ನೂ ಹತ್ತಿರದ್ದು. ಕೊನೆಯ ವರ್ಷಗಳಲ್ಲಿ ಕೇಜ್ ಮ್ಯಾನ್‌ಹಟನ್‌ನ ಆರನೆಯ ಅವೆನ್ಯೂ ಬಳಿಯ ಮಹಡಿಮನೆಯಲ್ಲಿದ್ದರು. ಒಳಗೆ ನೂರಾರು ಕುಂಡಗಳ ಗಿಡಗಳು, ಹೊರಗೆ ನಿಲ್ಲದ ವಾಹನಗಳ ಮೊರೆತ. ಆ ಮೊರೆತವನ್ನು ಕೇಳುತ್ತ ಕೂರುವುದೇ ತಮಗೆ ಅತ್ಯಂತ ಪ್ರಿಯವಾದ ಸಂಗೀತ ಎನ್ನುತ್ತಿದ್ದರು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರಕ್ಕೆ ಸಿಕ್ಕಿಬಿದ್ದವರಿಗೆ ಈ ಮಾತು ಉಪ್ಪು ಸವರಿದಂತಾದೀತು. ಸದ್ದು ಆರೋಗ್ಯವನ್ನು ಕೆಡಿಸುತ್ತದೆ, ನಿದ್ದೆಯನ್ನು ಕಸಿಯುತ್ತದೆ. ಅದನ್ನು ಸಂಗೀತವೆಂದು ಕರೆದರೆ ತೊಂದರೆ ಕೊಡುವವನಿಗೆ ಮಾಫಿ ಸಿಕ್ಕಂತಲ್ಲವೆ?

ಈ ಆಕ್ಷೇಪವನ್ನು ಕೇಜ್ ಪೂರ್ತಿ ಎದುರಿಸಲಿಲ್ಲ ಎಂದೇ ಹೇಳಬೇಕು. ಆದರೆ ಅವರ ಅಣಬೆಗಳು ಒಂದು ಉತ್ತರವನ್ನು ಸೂಚಿಸುತ್ತವೆ. ಎಲ್ಲ ಅಣಬೆಗಳತ್ತಲೂ ಒಂದೇ ಆಸಕ್ತಿಯಿಂದ ಬಾಗಿ ನೋಡಿದ ಮನುಷ್ಯ ಎಲ್ಲವನ್ನೂ ತಿನ್ನಲಿಲ್ಲ. ಗಮನ ಕೊಡುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ. ವಿಷದ ಅಣಬೆಯನ್ನು ಆಹಾರದಿಂದ ಬೇರ್ಪಡಿಸಬೇಕಾದರೂ ಅದನ್ನು ಮೊದಲು ಸರಿಯಾಗಿ ನೋಡಬೇಕು. ನಮ್ಮ ನಗರಗಳ ಸದ್ದಿನ ಸಂಗತಿಯೂ ಹಾಗೆಯೇ. ಕಿವಿಗೆ ಇಯರ್‌ಫೋನ್ ತುರುಕಿ ಅದರಿಂದ ಪಾರಾದವನು ಸದ್ದಿನ ವಿರುದ್ಧ ದೂರುವ ನೈತಿಕತೆಯನ್ನೂ ಕ್ರಮೇಣ ಕಳೆದುಕೊಳ್ಳುತ್ತಾನೆ. ಒಂದೊಮ್ಮೆ ಅದೇ ರಸ್ತೆಯ ಮರದಲ್ಲಿ ಹಕ್ಕಿ ಕೂಗುತ್ತಿತ್ತೆಂಬುದೂ ಅವನಿಗೆ ಮರೆತುಹೋಗುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಹುತ್ತದ ಬಳಿ ಎದ್ದ ಅಣಬೆಯನ್ನು ಕಂಡು ಇದು ಪಲ್ಯಕ್ಕೆ, ಇದು ಬೇಡ ಎಂದು ಹೇಳಬಲ್ಲ ಹಿರಿಯರಿದ್ದಾರೆ. ಆ ಅರಿವು ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಪ್ಯಾಕೆಟ್ಟಿನಲ್ಲಿ ಬಂದ ಬಟನ್ ಅಣಬೆಯನ್ನಷ್ಟೇ ಬಲ್ಲ ಮಕ್ಕಳ ಕಾಲಕ್ಕೆ ಅದು ದಾಟುವುದೆಂಬ ಭರವಸೆಯೂ ಇಲ್ಲ. ಹೆಸರು ಮರೆತರೆ ನೋಟ ಮರೆಯುತ್ತದೆ. ನೋಟ ಮರೆತ ಮೇಲೆ ಕಾಡು ಇದ್ದರೇನು, ಹೋದರೇನು ಎಂಬ ಸ್ಥಿತಿ ಬರುತ್ತದೆ.

ಎಪ್ಪತ್ತರ ದಶಕದಲ್ಲಿ ಸಂಧಿವಾತ ಕೇಜ್ ಅವರ ಬೆರಳು, ಕೀಲುಗಳನ್ನು ಹಿಡಿಯಿತು. ಆಹಾರವನ್ನು ಬದಲಿಸಿ, ಕೆಂಪಕ್ಕಿ, ಕಾಳು, ತರಕಾರಿಗಳ ಪಥ್ಯಕ್ಕೆ ಇಳಿದರು. ಕಾಡಿನ ನಡಿಗೆ ಕಡಿಮೆಯಾಯಿತು, ಬರವಣಿಗೆ ನಿಲ್ಲಲಿಲ್ಲ. ಎಂಬತ್ತು ತುಂಬಲು ಕೆಲವೇ ವಾರಗಳಿದ್ದಾಗ, 1992ರ ಆಗಸ್ಟ್ 12ರಂದು ಪಾರ್ಶ್ವವಾಯುವಿನಿಂದ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಸ್ಟೋನಿ ಪಾಯಿಂಟಿನ ಬಳಿಯ ಬೆಟ್ಟಗಳಲ್ಲಿ, ಅವರು ಅಣಬೆ ಹುಡುಕುತ್ತಿದ್ದ ಆಸುಪಾಸಿನಲ್ಲೇ, ಚೆಲ್ಲಲಾಯಿತು. ತೀರಿಕೊಂಡದ್ದು ಆಗಸ್ಟ್ ತಿಂಗಳಲ್ಲಿ. ಆ ಕಾಡಿನಲ್ಲಿ ಅದು ಅಣಬೆಯ ಕಾಲ.

ಅವರ ಕೃತಿಯೊಂದನ್ನು ಜರ್ಮನಿಯ ಹಾಲ್ಬರ್‌ಸ್ಟಾಟ್ ಊರಿನ ಹಳೆಯ ಚರ್ಚಿನಲ್ಲಿ ಆರ್ಗನ್ ಮೇಲೆ ಸಾಧ್ಯವಾದಷ್ಟು ನಿಧಾನವಾಗಿ ನುಡಿಸುವ ಪ್ರಯೋಗ 2001ರಲ್ಲಿ ಶುರುವಾಯಿತು. ಅದು ಮುಗಿಯಬೇಕಾದದ್ದು 2640ರಲ್ಲಿ. 2024ರ ಫೆಬ್ರವರಿಯಲ್ಲಿ ಅದರ ಸ್ವರಗುಚ್ಛವೊಂದು ಬದಲಾದಾಗ ಕೇಳಲೆಂದೇ ಜನ ದೂರದಿಂದ ಬಂದು ಕಿಕ್ಕಿರಿದರು. ಅಣಬೆಯ ಕುರಿತು ಕೇಜ್ ಕೂಡಿಸಿದ್ದ ಪುಸ್ತಕ, ಪತ್ರಿಕೆ, ಕಾಗದಪತ್ರಗಳೆಲ್ಲ 1971ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾಕ್ರೂಜ್ ಗ್ರಂಥಾಲಯಕ್ಕೆ ಸಂದವು. ಅವರೇ ದಾನ ಕೊಟ್ಟರು. ಹಸಿದ ತರುಣನೊಬ್ಬ ಊರಿನ ಗ್ರಂಥಾಲಯದಲ್ಲಿ ಪುಸ್ತಕ ತೆರೆದು ಅಣಬೆಯ ಹೆಸರು ಹುಡುಕಿದ್ದು ಅಲ್ಲಿಂದ ಹೆಚ್ಚು ದೂರವಿಲ್ಲದ ಕಾರ್ಮೆಲ್‌ನಲ್ಲಿ. ಪಡೆದದ್ದನ್ನು ಗ್ರಂಥಾಲಯಕ್ಕೇ ಹಿಂದಿರುಗಿಸಿದಂತಾಯಿತು. ಆ ಕಪಾಟುಗಳಲ್ಲಿ ಅಣಬೆಗಳ ಹೆಸರುಗಳಿವೆ, ಚಿತ್ರಗಳಿವೆ. ಅಣಬೆಯನ್ನು ನೋಡಬೇಕೆಂದರೆ ಮಾತ್ರ ಮಳೆ ಬಿದ್ದ ಮೇಲೆ ಹೊರಗೇ ಹೋಗಬೇಕು.